ಯಾವ ಎಣ್ಣೆ ಅನ್ನೋದಕ್ಕಿಂತ ಮೊದಲು ಎಷ್ಟು ಎಣ್ಣೆ: ನಲವತ್ತು ದಾಟಿದವರ ಅಡುಗೆಮನೆಗೆ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಶೇಂಗಾ ಎಣ್ಣೆ ಒಳ್ಳೆಯದಾ, ಸೂರ್ಯಕಾಂತಿ ಎಣ್ಣೆನಾ? ಗಾಣದ ಎಣ್ಣೆಗೆ ಅಷ್ಟೊಂದು ದುಡ್ಡು ಕೊಡಬೇಕಾ? ಬಿಪಿ ಇದೆ, ಸೈಂಧವ ಲವಣ ಹಾಕಿದರೆ ಸಾಕಲ್ವಾ? ಮಂಡಿ ನೋವಿಗೆ ಕ್ಯಾಲ್ಸಿಯಂ ಮಾತ್ರೆ ಶುರು ಮಾಡಲಾ?

ಎಲ್ಲದಕ್ಕೂ ಒಂದೇ ಕಡೆ ಉತ್ತರ ಕೊಡುತ್ತೇನೆ. ಏಕೆಂದರೆ ಇವು ಬೇರೆ ಬೇರೆ ವಿಷಯಗಳಲ್ಲ. ಕರಿದ ತಿಂಡಿ ಜಾಸ್ತಿ ಆದ ಮನೆಯಲ್ಲಿ ಉಪ್ಪೂ ಜಾಸ್ತಿ ಆಗಿರುತ್ತದೆ. ಸೊಪ್ಪು, ಕಾಳು, ರಾಗಿ ಅಷ್ಟೇ ಕಡಿಮೆ ಆಗಿರುತ್ತವೆ. ಮೊದಲು ಅಳತೆ, ಆಮೇಲೆ ಬದಲಾವಣೆ, ಮಾತ್ರೆ ಕೊನೆಗೆ. ಈ ಕ್ರಮ ತಪ್ಪಿದರೆ ದುಡ್ಡು ಖರ್ಚಾಗುತ್ತದೆ, ಉಪಯೋಗ ಆಗುವುದಿಲ್ಲ.

ವಯಸ್ಸಾಗುವುದಕ್ಕೂ ಇದಕ್ಕೂ ಏನು ಸಂಬಂಧ?

ಮೂರು ಕಡೆ ನೋಡಿ. ಒಂದು, ರಕ್ತನಾಳ. ಎಲ್‌ಡಿಎಲ್ ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣ. ಅದು ಹೆಚ್ಚಿದ್ದಷ್ಟೂ, ಹೆಚ್ಚು ವರ್ಷ ಇದ್ದಷ್ಟೂ ನಾಳದ ಗೋಡೆಯಲ್ಲಿ ಕೊಬ್ಬು ಕೂರುತ್ತದೆ. ವಯಸ್ಸಾದಂತೆ ನಾಳಗಳು ಬಿರುಸಾಗುತ್ತವೆ, ಆಗ ಅದೇ ಉಪ್ಪಿಗೆ ಬಿಪಿ ಮೊದಲಿಗಿಂತ ಜಾಸ್ತಿ ಏರುತ್ತದೆ. ಎರಡು, ಮೂಳೆ. ಸುಮಾರು 30 ವರ್ಷದ ಹೊತ್ತಿಗೆ ಮೂಳೆ ಎಷ್ಟು ಗಟ್ಟಿಯಾಗಬೇಕೋ ಅಷ್ಟು ಆಗಿರುತ್ತದೆ. ಅಲ್ಲಿಂದ ಮುಂದೆ ಇರುವುದನ್ನು ಉಳಿಸಿಕೊಳ್ಳುವ ಕೆಲಸ. ಹೆಂಗಸರಿಗೆ ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಮೂರು, ಕಿಡ್ನಿ. ನಲವತ್ತರ ನಂತರ ಸೋಸುವ ಶಕ್ತಿ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ ಹರೆಯದಲ್ಲಿ ಒಗ್ಗಿದ ಖನಿಜದ ಮಾತ್ರೆ, ಪುಡಿ ಎಪ್ಪತ್ತರಲ್ಲಿ ಒಗ್ಗದೆ ಹೋಗಬಹುದು.

ಬೇಕಾಗುವ ಸಾಮಾನು: 5 ಮಿಲಿ ಅಳತೆ ಚಮಚ, ಒಂದು ನೋಟ್‌ಬುಕ್, ಮಾರ್ಕರ್ ಪೆನ್ನು, ತೊಳೆದ ಪ್ಲಾಸ್ಟಿಕ್ ಬಾಟಲಿ, ನಿಮ್ಮ ಹಳೆಯ ರಕ್ತ ಪರೀಕ್ಷೆಯ ಚೀಟಿಗಳು. ಇಷ್ಟು ಸಾಕು.

1. ಒಂದು ತಿಂಗಳು ಸುಮ್ನೆ ಅಳೆಯಿರಿ

ಮೊದಲ ತಿಂಗಳು ಏನನ್ನೂ ಬದಲಿಸಬೇಡಿ. ಎಣ್ಣೆ ಪ್ಯಾಕೆಟ್, ತುಪ್ಪದ ಡಬ್ಬಿ, ಬೆಣ್ಣೆ, ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಮಾರ್ಕರ್‌ನಿಂದ ತಾರೀಖು ಬರೆಯಿರಿ. ಖಾಲಿಯಾದ ದಿನ ನೋಟ್‌ಬುಕ್‌ಗೆ ಏರಿಸಿ.

ಈಗ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂತು ಕೆಲಸ ಮಾಡುವವರಿಗೆ ದಿನಕ್ಕೆ 20ರಿಂದ 25 ಗ್ರಾಂ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿಸಿ ಸಾಕು ಅನ್ನುತ್ತದೆ. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ 30ರಿಂದ 40 ಗ್ರಾಂ. ನಾಲ್ಕು ಜನ ದೊಡ್ಡವರಿರುವ ಮನೆಗೆ 25 ಗ್ರಾಂ ಹಿಡಿದರೆ ದಿನಕ್ಕೆ 100 ಗ್ರಾಂ, ತಿಂಗಳಿಗೆ 3 ಕೆಜಿ. ಒಂದು ಲೀಟರ್ ಪ್ಯಾಕೆಟ್‌ನಲ್ಲಿ ಇರುವುದು ಸುಮಾರು 910 ಗ್ರಾಂ. ಅಂದರೆ ತುಪ್ಪವೂ ಸೇರಿ ತಿಂಗಳಿಗೆ ಮೂರು ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ನಿಮ್ಮ ನೋಟ್‌ಬುಕ್ ಐದು, ಆರು ಲೀಟರ್ ತೋರಿಸಿದರೆ ಯಾವ ಎಣ್ಣೆ ಅನ್ನುವ ಚರ್ಚೆ ಸದ್ಯಕ್ಕೆ ಬೇಡ. ಮೊದಲು ಪ್ರಮಾಣ ಇಳಿಯಬೇಕು. ಯಾವ ಎಣ್ಣೆಯೇ ಆಗಲಿ, ಗ್ರಾಂಗೆ 9 ಕ್ಯಾಲೊರಿ.

ಉಪ್ಪಿಗೂ ಇದೇ ರೀತಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಚಿಕ್ಕ ಚಮಚ. ನಾಲ್ಕು ಜನಕ್ಕೆ ತಿಂಗಳಿಗೆ 600 ಗ್ರಾಂ. ನಿಮ್ಮ ಮನೆಯ ಒಂದು ಕೆಜಿ ಪ್ಯಾಕೆಟ್ ಸುಮಾರು 50 ದಿನ ಬರಬೇಕು. ಮೂವತ್ತೇ ದಿನಕ್ಕೆ ಮುಗಿದರೆ ತಲೆಗೆ ದಿನಾ 8 ಗ್ರಾಂ ದಾಟಿತು. ಅಂಗಡಿ ಉಪ್ಪಿನಕಾಯಿ, ಹಪ್ಪಳ, ಹೊರಗಿನ ತಿಂಡಿ ಈ ಲೆಕ್ಕದಲ್ಲಿ ಇನ್ನೂ ಬಂದಿಲ್ಲ.

ಇಲ್ಲಿ ಎಲ್ಲರೂ ತಪ್ಪುವುದು ಹೊರಗೆ ತಿಂದದ್ದನ್ನು ಬರೆಯುವುದರಲ್ಲಿ. ಸಂಜೆಯ ಮಿರ್ಚಿ, ಬೇಕರಿಯ ಪಫ್, ಭಾನುವಾರದ ದೋಸೆ ಎಲ್ಲವೂ ನೋಟ್‌ಬುಕ್‌ಗೆ ಬರಲಿ.

2. ಕೊಬ್ಬಿನ ಜಾತಿ ತಿಳಿದುಕೊಳ್ಳಿ

ಸ್ಯಾಚುರೇಟೆಡ್ ಕೊಬ್ಬು: ತಣ್ಣಗಾದರೆ ಗಟ್ಟಿಯಾಗುವಂಥದ್ದು. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ. ಪಾಮ್ ಎಣ್ಣೆಯಲ್ಲೂ ಹತ್ತಿರಹತ್ತಿರ ಅರ್ಧ ಇದೇ. ಇದು ಎಲ್‌ಡಿಎಲ್ ಏರಿಸುತ್ತದೆ. ಇದರ ಜಾಗದಲ್ಲಿ ಶೇಂಗಾ, ಸೂರ್ಯಕಾಂತಿ, ಎಳ್ಳಿನಂಥ ಎಣ್ಣೆ ಬಂದರೆ ಎಲ್‌ಡಿಎಲ್ ಇಳಿಯುತ್ತದೆ. ಇದು ಚೆನ್ನಾಗಿ ಪರೀಕ್ಷೆಯಾದ ಮಾತು.

ಹಾಗಂತ ಬೆಣ್ಣೆ ದೋಸೆ ಬಿಡಿ ಅಂತ ದಾವಣಗೆರೆಯವರಿಗೆ ಹೇಳುವುದಿಲ್ಲ. ಲೆಕ್ಕ ಮಾತ್ರ ಗೊತ್ತಿರಲಿ. ದೋಸೆಯ ಮೇಲೂ ಪಕ್ಕದಲ್ಲೂ ಸೇರಿ ಎರಡು ದೊಡ್ಡ ಚಮಚ ಬೆಣ್ಣೆ ಬಿತ್ತು ಅಂದುಕೊಳ್ಳಿ. ಅದು ಸುಮಾರು 28 ಗ್ರಾಂ, ಅದರಲ್ಲಿ ಅರ್ಧದಷ್ಟು, 14 ಗ್ರಾಂ, ಸ್ಯಾಚುರೇಟೆಡ್. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಮಿತಿ 22 ಗ್ರಾಂ. ಒಂದೇ ದೋಸೆಯಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಬಂದಿರಿ. ಜೊತೆಗೆ ಕಾಯಿ ಚಟ್ನಿಯೂ ಇದೆ. ವಾರಕ್ಕೊಮ್ಮೆ ತಿನ್ನಿ, ಖುಷಿಯಾಗಿ ತಿನ್ನಿ. ಅವತ್ತು ಮನೆಯಲ್ಲಿ ತುಪ್ಪ, ಕರಿದದ್ದು ಬೇಡ.

ಟ್ರಾನ್ಸ್ ಕೊಬ್ಬು: ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಹುಟ್ಟುವಂಥದ್ದು. ರೂಢಿಯಲ್ಲಿ ಡಾಲ್ಡಾ ಅನ್ನುವ ವನಸ್ಪತಿಯಲ್ಲಿ ಹಿಂದೆ ಇದು ಬಹಳ ಇತ್ತು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಇದು ಶೇಕಡ 2 ಮೀರುವಂತಿಲ್ಲ. ಆದರೂ ಮನೆಗೆ ವನಸ್ಪತಿ ತರುವ ಅಗತ್ಯವೇ ಇಲ್ಲ. ಟ್ರಾನ್ಸ್ ಕಡಿಮೆಯಾದರೂ ಅದು ಸ್ಯಾಚುರೇಟೆಡ್ ಕೊಬ್ಬೇ.

ಒಮೆಗಾ 6, ಒಮೆಗಾ 3: ಎರಡೂ ದೇಹ ತಾನೇ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಕೊಬ್ಬು. ಒಮೆಗಾ 6 ಸೂರ್ಯಕಾಂತಿ, ಶೇಂಗಾ, ಹುಚ್ಚೆಳ್ಳಿನಲ್ಲಿ ಧಾರಾಳ. ಅದು ವಿಷ ಅನ್ನುವ ವಿಡಿಯೊಗಳನ್ನು ನಂಬಬೇಡಿ. ನಮ್ಮ ಊಟದ ಕೊರತೆ ಇರುವುದು ಒಮೆಗಾ 3ರಲ್ಲಿ. ಶೇಂಗಾ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

3. ಎಣ್ಣೆ ಆರಿಸಿ, ಆಮೇಲೆ ಸರಿಯಾಗಿ ಇಡಿ

ನಮ್ಮ ಭಾಗದವರಿಗೆ ನನ್ನ ಸಲಹೆ ಸರಳ. ದಿನನಿತ್ಯಕ್ಕೆ ಶೇಂಗಾ ಎಣ್ಣೆ. ಚಳ್ಳಕೆರೆಗೆ ಎಣ್ಣೆ ನಗರಿ ಅನ್ನುವ ಹೆಸರು ಬಂದದ್ದೇ ಇದರಿಂದ. ಇದರಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಬಿಸಿಗೆ ಬೇಗ ಕೆಡದ ಜಾತಿಯ ಕೊಬ್ಬು, ಸ್ಯಾಚುರೇಟೆಡ್ ಐದನೇ ಒಂದು ಭಾಗದಷ್ಟು. ಒಂದು ತಿಂಗಳು ಇದು, ಇನ್ನೊಂದು ತಿಂಗಳು ಸೂರ್ಯಕಾಂತಿ ಅಂತ ಬದಲಿಸಿದರೂ ಒಳ್ಳೆಯದೇ.

ಗಾಣದ ಎಣ್ಣೆಯ ವಿಚಾರ. ಅದರಲ್ಲಿ ಶೇಂಗಾದ ಘಮ, ವಿಟಮಿನ್ ಇ ಹೆಚ್ಚು ಉಳಿಯುತ್ತದೆ. ಆದರೆ ಕೊಬ್ಬಿನ ಲೆಕ್ಕ, ಕ್ಯಾಲೊರಿ ಲೆಕ್ಕ ರಿಫೈನ್ಡ್‌ನದ್ದೇ. ಗಾಣದ್ದು ಅಂತ ಎರಡು ಚಮಚ ಜಾಸ್ತಿ ಸುರಿಯುವಂತಿಲ್ಲ. ಇನ್ನೊಂದು ವಿಷಯ ಎಚ್ಚರಿಕೆಯಿಂದ ಓದಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಅದು ಲಿವರ್‌ಗೆ ಕೆಟ್ಟದ್ದು, ವರ್ಷಗಟ್ಟಲೆ ಒಳಗೆ ಹೋದರೆ ಕ್ಯಾನ್ಸರ್‌ಗೂ ದಾರಿ. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ. ಗಾಣದಲ್ಲಿ ಹೋಗುವುದಿಲ್ಲ. ನೀವೇ ಬೀಜ ಕೊಟ್ಟು ಆಡಿಸುವವರಾದರೆ ಹಿಂದಿನ ದಿನ ಮೊರದಲ್ಲಿ ಹರಡಿಕೊಂಡು ಕೂರಿ. ಸಿಪ್ಪೆಯ ಮೇಲೆ ಹಸಿರು ಅಥವಾ ಕಪ್ಪು ಪುಡಿ ಕೂತದ್ದು, ಮುರುಟಿದ್ದು, ಒಡೆದರೆ ಒಳಗೆ ಹಳದಿ ಕಂದು ಬಣ್ಣಕ್ಕೆ ತಿರುಗಿದ್ದು, ಬಾಯಿಗೆ ಹಾಕಿದರೆ ಕಹಿ ಆಗುವಂಥದ್ದು ಎಲ್ಲ ಆರಿಸಿ ತೆಗೆಯಿರಿ. ತೆಗೆದದ್ದನ್ನು ದನಕ್ಕೂ ಹಾಕಬೇಡಿ, ವಿಷ ಹಾಲಿಗೆ ಬರುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ಬೆಲೆ ನೋಡಿ. ಒಂದು ಲೀಟರ್‌ಗೆ ಎರಡೂವರೆ ಕೆಜಿ ಆಸುಪಾಸು ಬೀಜ ಬೇಕು. ಅಷ್ಟು ಬೀಜದ ಬೆಲೆಗಿಂತ ಎಷ್ಟೋ ಕಡಿಮೆಗೆ ಗಾಣದ ಎಣ್ಣೆ ಸಿಗುತ್ತಿದ್ದರೆ ಅದು ಬರೀ ಶೇಂಗಾ ಎಣ್ಣೆಯಲ್ಲ.

ಎಣ್ಣೆಯನ್ನು ಒಲೆಯ ಪಕ್ಕ ಇಡಬೇಡಿ. ಬಿಸಿ, ಬೆಳಕು, ಗಾಳಿ ಮೂರೂ ಅದನ್ನು ಕೆಡಿಸುತ್ತವೆ. ಕಮಟು ವಾಸನೆ ಬಂದರೆ ಒಗ್ಗರಣೆಗೂ ಬೇಡ.

ಕರಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಮತ್ತೆ ಮತ್ತೆ ಕರಿಯಲು ಇಟ್ಟರೆ ಎಣ್ಣೆ ಒಡೆದು ಪೋಲಾರ್ ಸಂಯುಕ್ತಗಳು ಅನ್ನುವ ಕೆಟ್ಟ ಪದಾರ್ಥ ತುಂಬುತ್ತವೆ. ಅವು ಶೇಕಡ 25 ದಾಟಿದ ಎಣ್ಣೆಯನ್ನು ಹೋಟೆಲಿನವರೂ ಬಳಸುವಂತಿಲ್ಲ ಅಂತ 2018ರಿಂದ ನಿಯಮವಿದೆ. ಗಾಡಿಯಲ್ಲಿ ಮಿರ್ಚಿ ತಿನ್ನುವ ಮುಂಚೆ ಬಾಣಲೆ ಒಂದು ಸಲ ನೋಡಿ. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ಅಂಚಿನಲ್ಲಿ ನೊರೆ ನಿಂತಿದ್ದರೆ, ಹೊಗೆ ಮೂಗಿಗೆ ಘಾಟು ಹೊಡೆದರೆ ಬರೀ ಮಂಡಕ್ಕಿ ತಿಂದು ಬನ್ನಿ.

4. ಪ್ರಮಾಣ ಇಳಿಸಿ

ಬೆಳಿಗ್ಗೆಯೇ ಇಡೀ ದಿನದ ಎಣ್ಣೆಯನ್ನು ಅಳೆದು ಒಂದು ಸಣ್ಣ ಬಟ್ಟಲಿಗೆ ಹಾಕಿಡಿ. ನಾಲ್ವರಿಗೆ 20 ಚಿಕ್ಕ ಚಮಚ. ತುಪ್ಪ, ಬೆಣ್ಣೆ ಬಳಸುವ ದಿನ ಅಷ್ಟು ಚಮಚ ಕಳೆಯಿರಿ. ಬಟ್ಟಲು ಖಾಲಿಯಾದರೆ ಅವತ್ತಿಗೆ ಮುಗಿಯಿತು. ಪ್ಯಾಕೆಟ್‌ನಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸ ನಿಂತರೆ ಅರ್ಧ ಕೆಲಸ ಆದಂತೆ.

ಎಣ್ಣೆ ಪೂರ್ತಿ ಬಿಡುವುದೂ ತಪ್ಪು. ವಿಟಮಿನ್ ಎ, ಡಿ, ಇ, ಕೆ ಮೈಗೆ ಹತ್ತಲು ಕೊಬ್ಬು ಬೇಕು. ಮನೆಯಲ್ಲಿ ಎರಡು ವರ್ಷದ ಒಳಗಿನ ಮಗು ಇದ್ದರೆ ಅದರ ತುಪ್ಪಕ್ಕೆ ಕೈ ಹಾಕಬೇಡಿ.

5. ಅಗಸೆಯನ್ನು ಸೇರಿಸಿ

ಅಗಸೆ ಬೀಜದಲ್ಲಿ ಸುಮಾರು ಶೇಕಡ 40 ಎಣ್ಣೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ 3. ರೊಟ್ಟಿ ಜೊತೆ ಅಗಸೆ ಚಟ್ನಿಪುಡಿ ದಿನಕ್ಕೆ ಒಂದು ದೊಡ್ಡ ಚಮಚ ಸಾಕು. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಲೇಬೇಕು. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದರೆ ಸಾಕು. ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ ಫ್ರಿಜ್‌ನಲ್ಲಿಡಿ, ಬೇಗ ಕಮಟಾಗುತ್ತದೆ. ಚಟ್ನಿಪುಡಿಯ ಉಪ್ಪು ಅರ್ಧಕ್ಕಿಳಿಸಿ, ಹುಣಸೆ, ಬೆಳ್ಳುಳ್ಳಿ ಜಾಸ್ತಿ ಮಾಡಿ.

ಅಗಸೆಯ ಒಮೆಗಾ 3ರಲ್ಲಿ ಸ್ವಲ್ಪ ಭಾಗ ಮಾತ್ರ ಮೀನಿನಲ್ಲಿರುವ ರೂಪಕ್ಕೆ ಬದಲಾಗುತ್ತದೆ. ಮೀನು ತಿನ್ನುವವರು ವಾರಕ್ಕೆ ಒಂದೆರಡು ಸಲ ತಿನ್ನಿ, ಕರಿಯದೆ ಸಾರು ಮಾಡಿ.

6. ಉಪ್ಪು ಇಳಿಸಿ, ಪೊಟ್ಯಾಸಿಯಂ ಏರಿಸಿ

ಉಪ್ಪಿನಲ್ಲಿರುವ ಸೋಡಿಯಂ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ದಿನಕ್ಕೆ 3500 ಮಿಲಿಗ್ರಾಂ ಬೇಕು. ಅದು ಬರುವುದು ಸೊಪ್ಪು, ಕಾಳು, ಬಾಳೆಹಣ್ಣು, ಆಲೂಗಡ್ಡೆ, ಎಳನೀರಿನಿಂದ. ಹುರುಳಿಕಾಳು, ಅಲಸಂದೆ ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ, ಸಾರಿಗೆ ಹಾಕಿ.

ಉಪ್ಪನ್ನು ಒಮ್ಮೆಗೇ ನಿಲ್ಲಿಸಿದರೆ ಮನೆಯವರು ಊಟ ಬಿಡುತ್ತಾರೆ. ವಾರ ವಾರ ಒಂದೊಂದು ಚಿಟಿಕೆ ಇಳಿಸಿ, ನಾಲಿಗೆ ಕೆಲವೇ ವಾರದಲ್ಲಿ ಒಗ್ಗುತ್ತದೆ. ಮುದ್ದೆ, ಅನ್ನ, ರೊಟ್ಟಿಗೆ ಉಪ್ಪು ಬೇಡ. ಮಜ್ಜಿಗೆಗೆ ಕೊತ್ತಂಬರಿ, ಶುಂಠಿ ಸಾಕು. ಮಂಡಕ್ಕಿಯಲ್ಲಿ ಎಣ್ಣೆ ಇಲ್ಲ ನಿಜ, ಅದನ್ನು ಹುರಿಯುವಾಗ ಅಕ್ಕಿಗೆ ಉಪ್ಪು ಹಾಕಿರುತ್ತಾರೆ ಅನ್ನುವುದು ನೆನಪಿರಲಿ. ಬಜ್ಜಿ ಹಿಟ್ಟಿನ ಅಡುಗೆ ಸೋಡಾ ಕೂಡ ಸೋಡಿಯಮ್ಮೇ. ಒಂದು ಚಿಕ್ಕ ಚಮಚದಲ್ಲಿ 1200 ಮಿಲಿಗ್ರಾಂ ಆಸುಪಾಸು ಇದೆ. ಇಡೀ ದಿನದ ಮಿತಿಯೇ 2000. ಪ್ಯಾಕೆಟ್ ತಿಂಡಿ ಕೊಳ್ಳುವಾಗ ಹಿಂದೆ ಬರೆದ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ. ಅದೇ ಉಪ್ಪು. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು.

ಸೈಂಧವ ಲವಣವೂ ಬಹುತೇಕ ಪೂರ್ತಿ ಸೋಡಿಯಂ ಕ್ಲೋರೈಡೇ. ಬಿಪಿಗೆ ಅದರಿಂದ ಲಾಭವಿಲ್ಲ. ಅಯೋಡಿನ್ ಸೇರಿಸದ ಪ್ಯಾಕೆಟ್ ಆದರೆ ಥೈರಾಯ್ಡ್‌ಗೆ ನಷ್ಟ.

ಸ್ವಲ್ಪ ಸೋಡಿಯಂ ತೆಗೆದು ಪೊಟ್ಯಾಸಿಯಂ ಹಾಕಿದ ಉಪ್ಪು ಕೂಡ ಸಿಗುತ್ತದೆ. ಅದರಲ್ಲಿ ನಿಜವಾದ ಲಾಭವಿದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇಕಡ 14ರಷ್ಟು ಕಡಿಮೆಯಾಯಿತು. ಆದರೆ ದಯವಿಟ್ಟು ಗಮನಿಸಿ: ಕಿಡ್ನಿ ತೊಂದರೆ ಇರುವವರು, ಬಿಪಿಗೆ ಅಥವಾ ಹೃದಯಕ್ಕೆ ಪೊಟ್ಯಾಸಿಯಂ ಏರಿಸುವಂಥ ಮಾತ್ರೆ ತೆಗೆದುಕೊಳ್ಳುವವರು (ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಸ್ಪಿರೊನೊಲ್ಯಾಕ್ಟೋನ್ ಇಂಥವು) ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಒಬ್ಬರಿಗೆ ಹೀಗಿದ್ದರೂ ಇಡೀ ಮನೆಯ ಉಪ್ಪಿನ ಡಬ್ಬಿ ಬದಲಿಸಬೇಡಿ.

7. ಕ್ಯಾಲ್ಸಿಯಂಗೆ ಮೊದಲು ನೀರು ಪರೀಕ್ಷೆ ಮಾಡಿಸಿ

ಈ ಹೆಜ್ಜೆ ಬೇರೆ ಊರಿನವರಿಗೆ ಅಷ್ಟು ಮುಖ್ಯ ಅಲ್ಲದಿರಬಹುದು. ನಮಗೆ ಬಹಳ ಮುಖ್ಯ.

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಸೀಮೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಮಳೆ ಕಡಿಮೆ, ಕಲ್ಲಿನ ಆಳಕ್ಕೆ ಬೋರ್ ಕೊರೆದಷ್ಟೂ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬಿಡುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ಚಿಕ್ಕಂದಿನಲ್ಲಿ ಕುಡಿದವರ ಹಲ್ಲಿನ ಮೇಲೆ ಬಿಳಿ ಚುಕ್ಕೆ, ಕಂದು ಪಟ್ಟೆ ಉಳಿಯುತ್ತದೆ. ಇನ್ನೂ ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಕುಡಿದರೆ ಕತ್ತು, ಬೆನ್ನು, ಮಂಡಿ ಬಿಗಿಯುತ್ತವೆ. ವಯಸ್ಸಾಯ್ತು ಅಂತ ಸುಮ್ಮನಿರುವ ನೋವು ಕೆಲವೊಮ್ಮೆ ಇದಾಗಿರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಫ್ಲೋರೈಡ್ ಇನ್ನಷ್ಟು ಕಾಟ ಕೊಡುತ್ತದೆ.

ಪರೀಕ್ಷೆ ಕಷ್ಟವಿಲ್ಲ. ಬೋರ್ ನೀರನ್ನು ಐದು ನಿಮಿಷ ಹರಿಯಬಿಟ್ಟು, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ತೊಳೆದು ತುಂಬಿಸಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಬಹುದು. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯಾ ಕೇಳಿ. ಖಚಿತ ಅಂಕಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ದಾವಣಗೆರೆ ನಗರದಲ್ಲಿ ತುಂಗಭದ್ರೆ, ಭದ್ರಾ ಕಾಲುವೆ ನೀರು ಕುಡಿಯುವವರಿಗೆ ಈ ಚಿಂತೆ ಕಡಿಮೆ. ಆದರೆ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಬೋರ್ ನೀರೇ ಕುಡಿಯುತ್ತಿದ್ದರೆ ನಿಮ್ಮದೂ ಪರೀಕ್ಷೆ ಆಗಲಿ.

ಮೂರು ತಪ್ಪು ತಿಳಿವಳಿಕೆ ಬಿಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್‌ಗೂ ಅದು ಸಿಗುವುದಿಲ್ಲ. ಫಿಲ್ಟರ್ ಮಾರುವವರು ತೋರಿಸುವ ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಒಟ್ಟು ಲವಣ ಹೇಳುತ್ತದೆಯೇ ಹೊರತು ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ.

ಆರ್‌ಒ ಯಂತ್ರ, ಊರಿನ ಶುದ್ಧ ನೀರಿನ ಘಟಕ ಫ್ಲೋರೈಡ್ ತೆಗೆಯುತ್ತವೆ. ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೋಗುತ್ತದೆ. ಫ್ಲೋರೈಡ್ ಇರುವ ಊರಲ್ಲಿ ಅದನ್ನು ಒಪ್ಪಿಕೊಳ್ಳಲೇಬೇಕು, ಕಳೆದುಹೋದದ್ದನ್ನು ಊಟದಿಂದ ತುಂಬಿಸಬಹುದು. ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ, ಸಾರು, ಚಹಾಕ್ಕೂ ಆ ನೀರೇ ಇರಲಿ.

8. ಮೂಳೆಯ ಖನಿಜ ತಟ್ಟೆಗೆ ತನ್ನಿ

ಕ್ಯಾಲ್ಸಿಯಂ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 350ರ ಸುಮಾರು ಇದೆ. ಒಂದು ಲೋಟ ಹಾಲಲ್ಲಿ ಸುಮಾರು 240. ಸಿಪ್ಪೆ ಇರುವ ಎಳ್ಳು ಒಂದು ದೊಡ್ಡ ಚಮಚಕ್ಕೆ 100ರ ಆಚೀಚೆ. ನುಗ್ಗೆ ಸೊಪ್ಪೂ ಒಳ್ಳೆಯ ಮೂಲ. ಪಾಲಕ್‌ನಲ್ಲಿ ಇದ್ದರೂ ಮೈಗೆ ಹತ್ತುವುದು ಕಡಿಮೆ. ಮಧ್ಯಾಹ್ನ ಮುದ್ದೆ, ನುಗ್ಗೆ ಸೊಪ್ಪಿನ ಸಾರು, ರಾತ್ರಿ ರೊಟ್ಟಿಗೆ ಎಳ್ಳಿನ ಚಟ್ನಿಪುಡಿ, ಎರಡು ಹೊತ್ತು ಮೊಸರು ಅಂದರೆ ಬಹುಪಾಲು ಬಂತು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಖನಿಜ ಇನ್ನೂ ಚೆನ್ನಾಗಿ ಸಿಗುತ್ತದೆ.

ಮೆಗ್ನೀಸಿಯಂಗೆ ಬೇರೆ ಹುಡುಕಾಟ ಬೇಡ. ರಾಗಿ, ಜೋಳ, ಸಜ್ಜೆ, ಕಾಳು, ಹುರಿದ ಶೇಂಗಾ ತಿಂದರೆ ಆಯ್ತು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಕಳೆದುಹೋಗಿರುತ್ತದೆ. ಕಬ್ಬಿಣಾಂಶಕ್ಕೆ ಸೊಪ್ಪು, ಕಾಳಿನ ಮೇಲೆ ನಿಂಬೆ ಹಿಂಡಿ. ಊಟದ ಜೊತೆ ಕಾಫಿ, ಚಹಾ ಬೇಡ, ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ಕೈಕಾಲಿಗೆ ಬಿಸಿಲು ತಾಗಬೇಕು.

9. ಮೂರು ತಿಂಗಳ ನಂತರ ಪರೀಕ್ಷೆ, ಆಮೇಲೆ ಮಾತ್ರೆಯ ಮಾತು

ಶುರು ಮಾಡುವ ಮೊದಲು ಒಮ್ಮೆ, ಮೂರು ತಿಂಗಳ ನಂತರ ಒಮ್ಮೆ ಬಿಪಿ, ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲಿನ ಬಗೆಗಳ ಲೆಕ್ಕ), ಕ್ರಿಯಾಟಿನಿನ್ (ಕಿಡ್ನಿ ಸೋಸುವ ಶಕ್ತಿ ತಿಳಿಸುವುದು), ಹಿಮೋಗ್ಲೋಬಿನ್ ಮಾಡಿಸಿ. ರಕ್ತದ ಕ್ಯಾಲ್ಸಿಯಂ ಸರಿ ಇದೆ, ಹಾಗಾಗಿ ಮೂಳೆಯೂ ಗಟ್ಟಿ ಅಂತ ತಿಳಿಯಬೇಡಿ. ರಕ್ತದಲ್ಲಿ ಕಡಿಮೆ ಬಿದ್ದರೆ ದೇಹ ಮೂಳೆಯಿಂದಲೇ ತೆಗೆದು ಸರಿದೂಗಿಸುತ್ತದೆ. ಮೂಳೆಯ ಗಟ್ಟಿತನಕ್ಕೆ ಡೆಕ್ಸಾ ಸ್ಕ್ಯಾನ್ ಅನ್ನುವ ಬೇರೆ ಪರೀಕ್ಷೆ ಇದೆ.

ಡಾಕ್ಟರು ಕ್ಯಾಲ್ಸಿಯಂ ಬರೆದುಕೊಟ್ಟರೆ ಒಂದು ಹೊತ್ತಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಬೇಡ. ಕಾರ್ಬೊನೇಟ್ ಅಂತ ಬರೆದಿದ್ದರೆ ಊಟದ ಜೊತೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯ ಜೊತೆ ಬೇಡ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಕಿಡ್ನಿಯಲ್ಲಿ ಕಲ್ಲಾಗಿದ್ದರೆ ಮೊದಲೇ ಹೇಳಿ.

ನೀವು ವರ್ಷಗಟ್ಟಲೆ ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಮೊದಲನೆಯದರಿಂದ ಮೆಗ್ನೀಸಿಯಂ, ಎರಡನೆಯದರಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಇಳಿಯಬಹುದು. ಸುಸ್ತು, ಕಾಲು ಹಿಡಿದುಕೊಳ್ಳುವುದು, ಎದೆ ಬಡಿತ ತಪ್ಪಿದಂತಾಗುವುದು ಇದ್ದರೆ ತಡ ಮಾಡಬೇಡಿ. ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಪಟ್ಟಿಗಳು, ನೀರಿನ ಪರೀಕ್ಷೆಯ ಚೀಟಿ, ಮೊದಲ ತಿಂಗಳ ಎಣ್ಣೆ ಉಪ್ಪಿನ ಲೆಕ್ಕ ಬರೆದ ನೋಟ್‌ಬುಕ್ ಮೂರನ್ನೂ ಒಂದೇ ಚೀಲದಲ್ಲಿ ತೆಗೆದುಕೊಂಡು ಹೋಗಿ.